ಅಂದಾನಪ್ಪ ಏರಿಸಿದ ಎಂಜಿನ್

ಗಾಳಿಕೇರಿ, ಕಪ್ಪತಗುಡ್ಡ
ಇಸವಿ ಎರಡು ಸಾವಿರದ ನೂರಾ ಹದಿನೆಂಟು, ಹದಿಮೂರನೆಯ ತಿಂಗಳು

ಕೆಟ್ಟು ನಿಂತ ಗಾಡಿಯ ಮುಂದೆ ಕೈಕಟ್ಟಿ ಯೋಚಿಸುತ್ತಿರುವವರಿಗೆ,

ಹದಿಮೂರನೆಯ ತಿಂಗಳು ಎಂಬುದನ್ನು ಓದಿ ಇದು ಹುಚ್ಚರ ಕಾಗದವೆಂದು ಬದಿಗಿಡಬೇಡಿ. ಉಳಿದ ತಿಂಗಳುಗಳಿಂದ ದಿನಗಳನ್ನು ಕಿತ್ತು, ನಿಮ್ಮ ಏಪ್ರಿಲ್ ಮತ್ತು ಮೇ ನಡುವೆ ನಾವು ಇನ್ನೊಂದು ತಿಂಗಳು ಮಾಡಿಕೊಂಡಿದ್ದೇವೆ. ಅದಕ್ಕೆ ಉರಿಮಾಸ ಎನ್ನುತ್ತೇವೆ. ಆ ತಿಂಗಳಲ್ಲಿ ಬಿತ್ತುವುದಿಲ್ಲ, ಮದುವೆ ಮಾಡುವುದಿಲ್ಲ, ಹೊತ್ತು ಏರಿದ ಮೇಲೆ ಹೊಸ್ತಿಲು ದಾಟುವುದಿಲ್ಲ. ಈಗ ಉರಿಮಾಸ ನಡೆದಿದೆ, ಬರೆಯಲು ಪುರುಸೊತ್ತಿದೆ. ನನ್ನ ಮಾತು ನಿಮಗೆ ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಬೇಕು. ನನ್ನ ಮುತ್ತಜ್ಜಿ ನಿಮ್ಮ ಕಾಲದಲ್ಲಿ ಶಾಲೆಗೆ ಹೋಗುತ್ತಿದ್ದವಳು. ಅವಳಿಂದ ಅಜ್ಜಿಗೆ, ಅಜ್ಜಿಯಿಂದ ನನಗೆ ಬರುವಷ್ಟರಲ್ಲಿ ಕನ್ನಡ ಎಷ್ಟು ಸವೆದಿದೆಯೋ ನನಗೆ ತಿಳಿಯದು.

ನನ್ನ ಹೆಸರು ನೀಲಗಂಗಾ. ಗಾಳಿಕೇರಿಯ ತಾಯಿಗಾಡಿ ಓಡಿಸುವುದು ನನ್ನ ಕೆಲಸವಾಗಿತ್ತು. ಗುಡ್ಡದ ಮೇಲೆ ನೀವು ನಿಲ್ಲಿಸಿಹೋದ ಗಾಳಿಯಂತ್ರಗಳ ಕಾಲಬುಡದಲ್ಲಿ ನಮ್ಮ ಊರಿದೆ, ಅದಕ್ಕೇ ಆ ಹೆಸರು. ಹೆಚ್ಚಿನವುಗಳ ರೆಕ್ಕೆ ಮುರಿದಿವೆ. ತಿರುಗುವ ಕೆಲವನ್ನು ನನ್ನ ಅಣ್ಣ ಅಂದಾನಪ್ಪ ಹತ್ತಿ ಇಳಿದು, ಎಣ್ಣೆ ಹಚ್ಚಿ, ತುಂಡಾದ ತಂತಿ ಕಟ್ಟಿ ಬದುಕಿಸಿಕೊಂಡಿದ್ದ. ಅವುಗಳಿಂದ ಬರುವ ಕರೆಂಟಿನಲ್ಲಿ ತಂಪುಕೋಣೆಗಳ ಫ್ಯಾನುಗಳು ತಿರುಗುತ್ತವೆ. ತಂಪುಕೋಣೆಗಳೆಂದರೆ ಹಳೆಯ ಗಣಿಗುಂಡಿಗಳನ್ನೇ ಕೊರೆದು ಮಾಡಿಕೊಂಡ ಮನೆಗಳು. ನಾವು ಒಳಗೆ ಕೂತು ನವಣೆ ಹಸನು ಮಾಡುತ್ತೇವೆ, ಚಾಪೆ ಹೆಣೆಯುತ್ತೇವೆ, ಹೊಂಗೆಬೀಜ ಕುಟ್ಟಿ ಎಣ್ಣೆ ತೆಗೆಯುತ್ತೇವೆ. ಆ ಎಣ್ಣೆಯಲ್ಲೇ ತಾಯಿಗಾಡಿ ಓಡುತ್ತಿತ್ತು. ನೀವು ಜೀಪು ಎನ್ನುತ್ತಿದ್ದಿರಲ್ಲ, ಅಂಥದ್ದು. ಹಿಂದಿನ ಸೀಟು ಕಿತ್ತು ಹಾಸಿಗೆ ಹಾಸಿದ್ದೆವು. ಹೆರಿಗೆ ಕಷ್ಟವಾದವರನ್ನು ಹುಬ್ಬಳ್ಳಿಯ ಆಸ್ಪತ್ರೆಗೆ ಮುಟ್ಟಿಸುವುದಕ್ಕಷ್ಟೇ ಅದು ಹೊರಡುತ್ತಿತ್ತು. ಹೊಟ್ಟೆ ಕೊಯ್ದು ಕೂಸು ತೆಗೆಯಬಲ್ಲ ಡಾಕ್ಟರು ನಮ್ಮ ಸೀಮೆಯಲ್ಲಿ ಉಳಿದಿರುವುದು ಅಲ್ಲೊಬ್ಬರೇ.

ಹೋದ ವರ್ಷದ ಮೊದಲಲ್ಲಿ, ಚಳಿಗಾಲದಲ್ಲಿ ಗಾಡಿ ಕೈಕೊಟ್ಟಿತು. ಇಳಿಜಾರಿನಲ್ಲಿ ನೀರಿನ ಪೈಪು ಒಡೆದದ್ದು ನನಗೆ ಗೊತ್ತಾಗಲಿಲ್ಲ. ಗೊತ್ತಾಗುವಷ್ಟರಲ್ಲಿ ಎಂಜಿನ್ ಒಳಗೇ ಕಚ್ಚಿಕೊಂಡು ನಿಂತಿತ್ತು. ಅಣ್ಣ ಬಿಚ್ಚಿ ನೋಡಿ ತಲೆ ಅಲ್ಲಾಡಿಸಿದ. ಬೇರೆ ಎಂಜಿನ್ ಕೂರಿಸದೆ ಗತಿಯಿರಲಿಲ್ಲ.

ಅದೇ ಹೊತ್ತಿಗೆ ಅಣ್ಣನ ಮಗಳು ದಾಕ್ಷಾಯಣಿ ಐದಾರು ತಿಂಗಳ ಬಸುರಿಯಾಗಿದ್ದಳು. ನಮ್ಮೂರಲ್ಲಿ ತೊಟ್ಟಿಲು ಕಟ್ಟಿ ಎಷ್ಟೋ ವರ್ಷವಾಗಿತ್ತು. ಅವಳ ಗಂಡ ಫಕೀರೇಶ ಸಂತೋಷಕ್ಕೆ ಇದ್ದಬದ್ದ ಬೆಲ್ಲವನ್ನೆಲ್ಲ ಕೇರಿಗೆ ಹಂಚಿಬಿಟ್ಟಿದ್ದ. ಆದರೆ ಸೂಲಗಿತ್ತಿ ಖಾತೂನಬಿ ಹೊಟ್ಟೆ ಮುಟ್ಟಿ ನೋಡಿ ನನ್ನನ್ನು ಹೊರಗೆ ಕರೆದಳು.

"ಕೂಸು ಅಡ್ಡ ಮಲಗೈತಿ ನೀಲಾ. ತಿರುಗಿದ್ರ ಪುಣ್ಯೇವು. ತಿರುಗಲಿಲ್ಲಂದ್ರ ನನ್ನ ಕೈಯಾಗ ಆಗೂ ಕೆಲಸಲ್ಲ. ದಿನಾ ತುಂಬೂದು ಉರಿಮಾಸದಾಗ."

ಉರಿಮಾಸದಲ್ಲಿ ಎತ್ತುಗಳು ದಾರಿಯಲ್ಲೇ ಬೀಳುತ್ತವೆ. ಮೊದಲೇ ಹೋಗಿ ಹುಬ್ಬಳ್ಳಿಯಲ್ಲಿ ಇದ್ದುಬಿಡೋಣವೆಂದರೆ ಹೊರಗಿನವರಿಗೆ ಅಲ್ಲಿ ನೀರುಪಾಲು ಇಲ್ಲ, ಅಂದರೆ ಕುಡಿಯುವ ನೀರಿನಲ್ಲಿ ಹಕ್ಕಿಲ್ಲ. ದಿನ ತುಂಬಿದವರನ್ನಷ್ಟೇ ಆಸ್ಪತ್ರೆ ಒಳಗೆ ಬಿಟ್ಟುಕೊಳ್ಳುತ್ತದೆ. ಗಾಡಿಯೊಂದೇ ದಾರಿ.

ಗದಗಿನ ಬಿದ್ದ ಕಟ್ಟಡವೊಂದರ ನೆಲಮಾಳಿಗೆಯಲ್ಲಿ ಮುಚ್ಚಿಹೋಗಿದ್ದ ಕಾರೊಂದನ್ನು ಅಣ್ಣ ಮತ್ತು ಫಕೀರೇಶ ಪತ್ತೆಮಾಡಿದರು. ಅದರ ಎಂಜಿನ್ ಕೈಯಿಂದ ತಿರುಗಿಸಿದರೆ ತಿರುಗುತ್ತಿತ್ತು. ಎತ್ತಿನ ಬಂಡಿಯಲ್ಲಿ ತಂದು ಅಂಗಳದಲ್ಲಿ ಇಳಿಸಿದರು. ಊರಿನವರೆಲ್ಲ ದೇವರ ಮೂರ್ತಿ ನೋಡಿದಂತೆ ಸುತ್ತ ನಿಂತು ನೋಡಿದರು. ಇನ್ನು ಅದನ್ನು ಗಾಡಿಗೆ ಏರಿಸುವವರು ಯಾರು ಎಂಬ ಮಾತು ಬಂತು.

ಹುಬ್ಬಳ್ಳಿಯಲ್ಲಿ ಮಿಸ್ತ್ರಿಕೂಟವಿದೆ. ಯಂತ್ರದ ಕೆಲಸವನ್ನು ತಲೆತಲಾಂತರದಿಂದ ಮಾಡಿಕೊಂಡು ಬಂದ ಮನೆತನಗಳ ಸಂಘ ಅದು. ಅವರಿಗೇ ಕೊಡೋಣ ಎಂದು ನಾನು ಹಟ ಹಿಡಿದೆ. ಅಣ್ಣ ಒಪ್ಪಲಿಲ್ಲ.

"ಅವರ ಕೈಗೆ ಹೋದ ಗಾಡಿ ಉರಿಮಾಸ ಮುಗಿಯೂ ತನಕ ಹೊರಗ ಬರಂಗಿಲ್ಲ. ಗಾಳಿಯಂತ್ರ ಬಿಚ್ಚಿ ಜೋಡಸ್ತೇನಿ, ಇದು ನನಗ ಆಗೂದಿಲ್ಲೇನು? ಇದೂ ಕಬ್ಬಣನಽ."

"ಅಣ್ಣಾ, ಗಾಳಿಯಂತ್ರ ಕೆಟ್ಟರ ಫ್ಯಾನ್ ನಿಲ್ತೈತಿ. ಇದು ಕೆಟ್ಟರ?"

"ನನ್ನ ಮಗಳವ್ವಾ ಆಕಿ. ನಾ ನೋಡಿದಂಗ ಹುಬ್ಬಳ್ಳಿಯವ ನೋಡ್ತಾನೇನು?"

ಕೊನೆಗೆ ದಾಕ್ಷಾಯಣಿಯೇ ನಡುವೆ ಬಂದು, "ಒಮ್ಮೆ ಹೋಗಿ ಕೇಳಿ ಬಾ ಅತ್ತಿ, ಕೇಳೂದರಾಗ ಏನೈತಿ," ಅಂದಳು. ಬಿಸಿಲು ಇನ್ನೂ ಬಲಿಯದ ದಿನಗಳವು. ಬಂಡಿ ಕಟ್ಟಿಸಿಕೊಂಡು ಹೊರಟೆ.

ಮಿಸ್ತ್ರಿಕೂಟದ ಶೆಡ್ಡು ನೋಡಿ ನನಗೆ ಧೈರ್ಯ ಬಂದಿತ್ತು. ಗೋಡೆಗೆ ಸಾಲಾಗಿ ನಟ್ಟು ತಿರುಗಿಸುವ ಪಾನಾಗಳು, ಒಂದಕ್ಕಿಂತ ಒಂದು ಹೊಳಪು. ಕೆಲಸದವರೆಲ್ಲ ನೀಲಿ ಅಂಗಿ ತೊಟ್ಟಿದ್ದರು. ಹಿರಿಯ ರಾಜೇಸಾಬ್ ಮಿಸ್ತ್ರಿ ಚಹಾ ಕೊಟ್ಟು ಎಲ್ಲ ಕೇಳಿಸಿಕೊಂಡ. ಗಾಡಿ, ಎಂಜಿನ್ ಎರಡನ್ನೂ ತಂದುಬಿಡಿ, ಉರಿಮಾಸ ಮುಗಿದ ಮೇಲೆ ನೋಡೋಣ ಅಂದ. ಅಷ್ಟು ದಿನ ತಡೆಯುವ ಹಾಗಿಲ್ಲ ಎಂದು ನಾನು ಅವನ ಮುಂದೆ ಅತ್ತೆ. ಆಗ ಅವನು ನನ್ನನ್ನು ಶೆಡ್ಡಿನ ಹಿಂದಕ್ಕೆ ಕರೆದುಕೊಂಡು ಹೋದ.

"ಅಕ್ಕಾರ, ನಿಮಗ ಸುಳ್ಳು ಹೇಳಿದ್ರ ಅಲ್ಲಾ ಮೆಚ್ಚಂಗಿಲ್ಲ. ತೊಳಿಯೂದು, ಎಣ್ಣಿ ಬದಲಸೂದು, ಟಯರ್ ಹಾಕೂದು, ಇಷ್ಟ ನಮಗ ಬರ್ತೈತಿ. ಎಂಜಿನ್ ಇಳಿಸಿ ಬ್ಯಾರೆ ಎಂಜಿನ್ ಏರಸೂದು ನಮ್ಮಪ್ಪಗ ಬರ್ತಿತ್ತು. ಅಂವ ಹ್ವಾದ, ಅದೂ ಹೋತು. ನಾವು ಯಾರೂ ಮಾಡಿಲ್ಲ."

"ಮತ್ತ ಉರಿಮಾಸ ಆದಮ್ಯಾಲೆ ನೋಡೂಣು ಅಂದ್ರಿ?"

"ಮಂದಿಗೆ ಹಂಗ ಹೇಳ್ತೇವ್ರಿ. ಬರ್ತಾರ, ಕಾಯ್ತಾರ, ಆಮ್ಯಾಲೆ ಬರೂದು ಬಿಡ್ತಾರ. ನಮಗೂ ನೀರುಪಾಲು ಬೇಕಲ್ರಿ. ಮಿಸ್ತ್ರಿಗಳು ಅನ್ನಕೊಂಡು ಇದ್ದರ ಕೊಡ್ತಾರ."

ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಊರಿಗೆ ಬಂದು ಅಣ್ಣನಿಗೆ ಒಂದನ್ನೂ ಮುಚ್ಚಿಡದೆ ಹೇಳಿದೆ. ನಾನೇ ಸರಿ ಎಂದು ಅವನು ಬೀಗುತ್ತಾನೆ ಅಂದುಕೊಂಡಿದ್ದೆ. ಅವನ ಮುಖ ಬಿಳುಚಿಕೊಂಡಿತು. ಅಲ್ಲಿಯವರೆಗೆ ನಾನೇ ಮಾಡುತ್ತೇನೆ ಎಂದು ಎದೆ ತಟ್ಟಿ ಹೇಳುತ್ತಿದ್ದವನು, ತನ್ನಿಂದಾಗದಿದ್ದರೆ ಮಾಡುವವರು ಇನ್ನೊಬ್ಬರಿದ್ದಾರೆ ಎಂಬ ನಂಬಿಕೆಯಲ್ಲಿ ಹಾಗೆ ಹೇಳುತ್ತಿದ್ದ. ಆ ದಿನ ಊಟ ಮಾಡದೆ ಎಂಜಿನ್ನಿನ ಪಕ್ಕದಲ್ಲಿ ಕೂತೇ ಇದ್ದ. ಮರುದಿನ ಬೆಳಗ್ಗೆ ಎದ್ದು ಪಾನಾ ಹಿಡಿದ.

ನಿಮ್ಮಲ್ಲಿ ಇದನ್ನು ಮಾಡಿದವರಿದ್ದರೆ ನಾವು ಪಟ್ಟ ಪಾಡು ಕೇಳಿ ನಗಬಹುದು. ಮುರಿದ ಗಾಳಿಯಂತ್ರದ ಕೊಳವೆಗಳನ್ನು ಮೂರುಕಾಲಿನಂತೆ ನಿಲ್ಲಿಸಿ, ಮೇಲೆ ಚೈನ್ ಪುಲಿ ಕಟ್ಟಿ ಸತ್ತ ಎಂಜಿನ್ ಎತ್ತಿದೆವು. ಹೊಸದರ ತೂಕ ಬೇರೆ, ಉದ್ದ ಬೇರೆ. ಕೂರುವ ಜಾಗದ ತೂತುಗಳು ಹೊಂದಲಿಲ್ಲ. ಗೇರ್‌ಬಾಕ್ಸಿಗೆ ಸೇರುವ ಕಡೆ ಅರ್ಧ ಬೋಲ್ಟುಗಳು ಕೂತವು, ಅರ್ಧ ಕೂರಲಿಲ್ಲ. ಅಣ್ಣ ಗಾಳಿಯಂತ್ರದ ಕಂಬದಿಂದ ದಪ್ಪ ತಗಡು ಕೊಯ್ದು, ಎರಡರ ನಡುವೆ ಇಡಲು ಒಂದು ಬಿಲ್ಲೆ ಮಾಡಿದ. ಅದನ್ನು ಉಜ್ಜಿದ, ಇಟ್ಟು ನೋಡಿದ, ತೆಗೆದ, ಮತ್ತೆ ಉಜ್ಜಿದ. ಬಿಸಿಲು ಬಲಿಯುತ್ತ ಬಂತು. ದಾಕ್ಷಾಯಣಿ ಒಳಗಿನಿಂದ ಮಜ್ಜಿಗೆ ತಂದು ಕೊಟ್ಟು, ಹೊಟ್ಟೆ ಹಿಡಿದುಕೊಂಡು ಬಾಗಿಲಲ್ಲೇ ನಿಂತು ಅಪ್ಪನನ್ನು ನೋಡುತ್ತಿದ್ದಳು. ಕೂಸು ತಿರುಗಲಿಲ್ಲ.

ಉರಿಮಾಸ ಹುಟ್ಟಿದ ಮೇಲೆ ಒಂದು ಮುಂಜಾನೆ ಎಂಜಿನ್ ಹತ್ತಿಕೊಂಡಿತು. ಮೊದಲು ಕೆಮ್ಮಿತು, ಬಿಳಿ ಹೊಗೆ ಕಾರಿತು, ಆಮೇಲೆ ಹದಕ್ಕೆ ಬಂತು. ಕೇರಿಯವರು ತಂಪುಕೋಣೆಗಳಿಂದ ಹೊರಗೆ ಓಡಿಬಂದರು. ಖಾತೂನಬಿ ಬಾನೆಟ್ಟಿಗೆ ಮುತ್ತು ಕೊಟ್ಟು ತುಟಿ ಸುಟ್ಟುಕೊಂಡಳು. ಅಣ್ಣ ನಗಲಿಲ್ಲ. ಕಿವಿಯನ್ನು ಗೇರ್‌ಬಾಕ್ಸಿನ ಹತ್ತಿರ ಹಿಡಿದು, "ಸಣ್ಣಗ ಒಂದು ಸಪ್ಪಳ ಬರಾಕತ್ತೈತಿ ತಂಗಿ, ಕೇಳತೈತೇನು?" ಅಂದ. ನನಗೂ ಕೇಳಿಸಿತು, ದೂರದಲ್ಲಿ ಯಾರೋ ಸಿಳ್ಳೆ ಹಾಕಿದಷ್ಟು. ಅದು ಏನೆಂದು ಹೇಳಬಲ್ಲವರನ್ನು ಎಲ್ಲಿಂದ ತರುವುದು? ಹೊಸತಲ್ಲವೇ, ಓಡಿದಂತೆ ಸರಿಹೋದೀತು ಅಂದುಕೊಂಡೆವು.

ನೋವು ಕಾಣಿಸಿಕೊಂಡ ದಿನ ನಸುಕಿನಲ್ಲೇ ಹೊರಟೆವು. ನಾನು ಓಡಿಸುತ್ತಿದ್ದೆ, ಅಣ್ಣ ಪಕ್ಕದಲ್ಲಿದ್ದ, ಹಿಂದೆ ಫಕೀರೇಶನ ತೊಡೆಯ ಮೇಲೆ ದಾಕ್ಷಾಯಣಿ ತಲೆಯಿಟ್ಟಿದ್ದಳು. ಗದಗ ದಾಟಿದೆವು. ಅಣ್ಣಿಗೇರಿ ದಾಟಿ ಕಪ್ಪುಮಣ್ಣಿನ ಎರೆಹೊಲದ ಬಯಲಿಗೆ ಬರುವಷ್ಟರಲ್ಲಿ ಸಿಳ್ಳೆ ಕಿರುಚಾಟವಾಯಿತು. ಗೇರು ಬೀಳದಾಯಿತು. ಕೆಳಗೆ ಕಲ್ಲು ಅರೆದಂಥ ಸದ್ದು ಬಂದು ಗಾಡಿ ನಿಂತುಬಿಟ್ಟಿತು. ಎಂಜಿನ್ ಮಾತ್ರ ಚೆನ್ನಾಗಿ ಓಡುತ್ತಲೇ ಇತ್ತು. ಅದರ ಶಕ್ತಿಯನ್ನು ಚಕ್ರಕ್ಕೆ ಮುಟ್ಟಿಸುವುದು ಯಾವುದೂ ಉಳಿದಿರಲಿಲ್ಲ.

ಫಕೀರೇಶ ಒದ್ದೆ ಬಟ್ಟೆ ತಲೆಗೆ ಸುತ್ತಿಕೊಂಡು ಅಣ್ಣಿಗೇರಿಯತ್ತ ಓಡಿದ. ಒಂದು ಜಾಲಿಮರದ ಕೆಳಗೆ ದಾಕ್ಷಾಯಣಿಯನ್ನು ಮಲಗಿಸಿ, ನನ್ನ ಸೀರೆಯನ್ನೇ ಬಿಚ್ಚಿ ನೆರಳು ಕಟ್ಟಿದೆ. ಅಣ್ಣ ಕಾದ ನೆಲದ ಮೇಲೆ ಅಂಗಾತ ಮಲಗಿ ಗಾಡಿಯ ಕೆಳಗೆ ತೆವಳಿದ. ಅವನ ಬೆನ್ನಿನ ಚರ್ಮ ಸುಲಿದದ್ದು ಸಂಜೆಯವರೆಗೆ ಅವನಿಗೇ ಗೊತ್ತಾಗಲಿಲ್ಲ. ಬಿಚ್ಚಿ ನೋಡಿ, ಒಳಗಿನಿಂದಲೇ ಕೂಗಿ ಹೇಳಿದ.

"ನೆಟ್ಟಗ ಕುಂತಿಲ್ಲ ತಂಗಿ. ಕೂದಲೆಳಿಯಷ್ಟು ಸೊಟ್ಟ ಐತಿ. ಬೇರಿಂಗ್ ಪುಡಿ ಆಗೈತಿ. ಇದನ್ನ ಅಳಿಬೇಕಾಗಿತ್ತು. ಅಳಿಬೇಕು ಅನ್ನೂದಽ ನನಗ ಗೊತ್ತಿರಲಿಲ್ಲ."

ಹೊತ್ತು ನೆತ್ತಿಗೇರಿದಾಗ ದಾಕ್ಷಾಯಣಿ ನನ್ನ ಕೈ ಹಿಡಿದು, "ಅತ್ತಿ, ಕೂಸು ಒದೆಯೂದು ಬಿಟ್ಟೈತಿ," ಅಂದಳು. "ಅಪ್ಪಗ ಹೇಳಬ್ಯಾಡ. ಅಂವ ಇನ್ನೂ ಕೆಲಸದಾಗ ಅದಾನ."

ಬಿಸಿಲು ತಗ್ಗಿದ ಮೇಲೆ ಅಣ್ಣಿಗೇರಿಯ ಜನ ಕೈಗಾಡಿ ತಂದರು. ಪಾಳಿಯ ಮೇಲೆ ಎಳೆದು ಮರುದಿನ ಬೆಳಗ್ಗೆ ಹುಬ್ಬಳ್ಳಿ ಮುಟ್ಟಿಸಿದರು. ಡಾಕ್ಟರು ದಾಕ್ಷಾಯಣಿಯನ್ನು ಉಳಿಸಿದರು. ಕೂಸು ಗಂಡಾಗಿತ್ತು. ಅವಳಿಗೆ ಇನ್ನು ಮಕ್ಕಳಾಗುವುದಿಲ್ಲ. ಆಮೇಲೆ ನಮ್ಮ ಕೇರಿಯ ಉಳಿದ ಹರೆಯದ ಹೆಣ್ಣುಮಕ್ಕಳೂ ತಮಗೆ ಮಕ್ಕಳು ಬೇಡವೆಂದು ತಮ್ಮತಮ್ಮಲ್ಲೇ ನಿಶ್ಚಯಿಸಿಕೊಂಡರು. ಗಾಡಿ ಇವತ್ತಿಗೂ ಆ ಬಯಲಿನಲ್ಲೇ ಇದೆ.

ಮಳೆಗಾಲ ಬಂದಾಗ ರಾಜೇಸಾಬ್ ಮಿಸ್ತ್ರಿ ಇಬ್ಬರು ನೀಲಿ ಅಂಗಿಯವರೊಂದಿಗೆ ಗಾಳಿಕೇರಿಗೆ ಬಂದ. ಸಂತಾಪ ಹೇಳಲು ಬಂದನೆಂದು ನಾವು ಚಾಪೆ ಹಾಸಿದೆವು. ಅವನು ಕೂರಲಿಲ್ಲ. ಅಣ್ಣನ ಮುಂದೆ ಕೈಮುಗಿದು ನಿಂತ.

"ನೀವು ಒಂದು ಎಂಜಿನ್ ಏರಸೀರಿ. ಅದು ಹತ್ತಿಕೊಂಡು ಅಣ್ಣಿಗೇರಿ ದಾಟಿ ಓಡೇತಿ. ಈ ಕಡೆ ಬದುಕಿದ್ದವರೊಳಗ ಅಷ್ಟು ಮಾಡಿದವರು ನೀವೊಬ್ಬರಽ. ಬಂದು ನಮ್ಮ ಹಿರೇಮಿಸ್ತ್ರಿ ಆಗ್ರಿ. ನಮಗ ಕಲಸ್ರಿ."

ಅಣ್ಣ, "ನಾ ಏರಿಸಿದ್ದು ಸೊಟ್ಟ ಕುಂತಿತ್ತು ಸಾಬ್ರ," ಅಂದ.

"ಗೊತ್ತೈತ್ರಿ. ಸೊಟ್ಟ ಕುಂದರತೈತಿ ಅನ್ನೂದು ಸುದ್ದಾ ನಮಗ ಗೊತ್ತಿರಲಿಲ್ಲ."

ಅಣ್ಣ ಮಗಳ ಮುಖ ನೋಡಿದ. ದಾಕ್ಷಾಯಣಿ ನವಣೆ ಕೇರುತ್ತಿದ್ದವಳು ಮೊರ ಕೆಳಗಿಟ್ಟಳು.

"ಹೋಗಪ್ಪಾ. ಆದರ ಗಾಡಿ ತಂದವರಿಗೆ ಮದಲ ನನ್ನ ಸುದ್ದಿ ಹೇಳು. ಆಮ್ಯಾಲೆ ಪಾನಾ ಹಿಡಿ."

ಅವನು ಹೋದ. ಈಗ ನಮ್ಮ ಗಾಳಿಯಂತ್ರಗಳನ್ನು ಹತ್ತುವವರಿಲ್ಲ. ಒಂದೊಂದಾಗಿ ನಿಲ್ಲುತ್ತಿವೆ, ನಾನು ಇದನ್ನು ಬರೆಯುತ್ತಿರುವ ಕೋಣೆಯ ಫ್ಯಾನು ಕೂಡ ನಿಂತಿದೆ.

ನೀವು ಈಗ ಯೋಚಿಸುತ್ತಿರುವಿರಿ, ಎಂಜಿನ್ ನಾನೇ ಬದಲಿಸಲೋ, ಕಸಬಿನವರಿಗೆ ಕೊಡಲೋ ಎಂದು. ಯಾವುದು ಮೇಲು ಎಂದು ಹೇಳುವ ಯೋಗ್ಯತೆ ನನಗಿಲ್ಲ. ನಿಮಗೆ ಎರಡೂ ದಾರಿ ಇವೆ ಎಂಬುದೇ ನನಗೆ ಹೊಟ್ಟೆಕಿಚ್ಚಿನ ಸಂಗತಿ. ನೀವೇ ಮಾಡಿದರೆ, ಗೊತ್ತಿದ್ದವರೊಬ್ಬರನ್ನು ಕರೆದು ತೋರಿಸಿ. ಗ್ಯಾರೇಜಿಗೆ ಕೊಟ್ಟರೆ, ಬಿಟ್ಟು ಮನೆಗೆ ಹೋಗಬೇಡಿ. ಪಕ್ಕದಲ್ಲಿ ನಿಂತು, ಯಾವುದನ್ನು ಯಾಕೆ ಅಳೆಯುತ್ತೀರಿ ಎಂದು ಕೇಳಿ. ಅವರು ಬೈದರೂ ಕೇಳಿ, ಮಕ್ಕಳ ಕಿವಿಗೂ ಹಾಕಿ. ನಿಮ್ಮಲ್ಲಿ ಹೆಚ್ಚಿನವರು ಕೇಳದೆ ಬಿಟ್ಟದ್ದಕ್ಕೇ ಆ ವಿದ್ಯೆ ರಾಜೇಸಾಬನ ಅಪ್ಪನೊಬ್ಬನಲ್ಲೇ ಉಳಿದು, ಅವನೊಂದಿಗೆ ಮಣ್ಣಾಯಿತು. ನಾನು ಹೀಗೆ ಬೇಡಿಕೊಳ್ಳುತ್ತಿದ್ದರೂ ನೀವು ಕೇಳಿಸಿಕೊಂಡಿಲ್ಲವೆಂದು ನನಗೆ ಗೊತ್ತಿದೆ. ಕೇಳಿಸಿಕೊಂಡಿದ್ದರೆ ಈ ಕಾಗದ ಬರೆಯಬೇಕಾಗಿರಲಿಲ್ಲ.

ಹುಬ್ಬಳ್ಳಿಯಿಂದ ಬಂದವರು ಅಣ್ಣನ ಸುದ್ದಿ ತರುತ್ತಾರೆ. ಅವನಿಗೂ ನೀಲಿ ಅಂಗಿ ಹೊಲಿಸಿದ್ದಾರಂತೆ. ಗಾಡಿ ತಂದವರನ್ನೆಲ್ಲ ಎದುರು ಕೂರಿಸಿಕೊಂಡು, ಮಗಳ ಸುದ್ದಿಯನ್ನು ಒಂದು ಮಾತೂ ಬಿಡದೆ ಹೇಳುತ್ತಾನಂತೆ. ಅವರು ಪೂರ್ತಿ ಕೇಳುತ್ತಾರಂತೆ. ಕೇಳಿ, ಗಾಡಿಯನ್ನು ಅವನ ಹತ್ತಿರವೇ ಬಿಟ್ಟು ಹೋಗುತ್ತಾರಂತೆ.

ಇಂತಿ,
ನೀಲಗಂಗಾ