ಕಾಮಾಲೆ ಬೇರಿನ ಹೆಸರು

ಮೆಡಿಕಲ್ ಕಾಲೇಜು ಆಸ್ಪತ್ರೆ, ಮೂರನೇ ಮಹಡಿ
೧೪-೧೧-೨೦೦೩, ಶುಕ್ರವಾರ ಬೆಳಿಗ್ಗೆ

ಪೂಜ್ಯ ಅತ್ತೆಯವರಿಗೆ ನಿಮ್ಮ ಸೊಸೆ ಶ್ವೇತ ಮಾಡುವ ನಮಸ್ಕಾರಗಳು.

ಇಲ್ಲಿ ಎಲ್ಲ ಕ್ಷೇಮ ಎಂದು ಬರೆಯಲು ಕೈ ಬರುತ್ತಿಲ್ಲ. ನಿಮ್ಮ ಮಗನಿಗೆ ಹುಷಾರಿಲ್ಲ. ನಾನು ಮೊನ್ನೆ ಫೋನಿನಲ್ಲಿ ಹೇಳಿದ್ದಕ್ಕಿಂತ ಬಹಳ ಹೆಚ್ಚು ಹುಷಾರಿಲ್ಲ. ನೀವು ಗಾಬರಿಯಾಗುತ್ತೀರಿ ಎಂದು ಆವತ್ತು ಸುಳ್ಳು ಹೇಳಿದೆ.

ಇಲ್ಲಿ ಬರೀ ಲಿವರಿನ ಕಾಯಿಲೆಯವರಿಗೇ ಒಂದು ವಾರ್ಡು. ಬೆಳಿಗ್ಗೆ ದೊಡ್ಡ ಡಾಕ್ಟರು ಬರುತ್ತಾರೆ, ಅವರ ಹಿಂದೆ ಹತ್ತು ಹನ್ನೆರಡು ಜನ ಕಲಿಯುವ ಮಕ್ಕಳು. ಇವರಿಗೆ ಎರಡೂ ಕೈ ಚಾಚಿ, ಬಸ್ಸು ನಿಲ್ಲಿಸುವ ಹಾಗೆ ಅಂಗೈ ಎತ್ತಲು ಹೇಳುತ್ತಾರೆ. ಎತ್ತಿದ ಕೈ ನಿಲ್ಲುವುದಿಲ್ಲ, ಪಟಪಟ ಬಡಿದುಕೊಳ್ಳುತ್ತದೆ. ಆ ಮಕ್ಕಳು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಆಮೇಲೆ ಒಂದು ಹಾಳೆಯಲ್ಲಿ ದಿನಾ ಸಹಿ ಹಾಕಿಸುತ್ತಾರೆ, ತಲೆ ಎಷ್ಟು ನೆಟ್ಟಗಿದೆ ಎಂದು ಅದರಲ್ಲೇ ತಿಳಿಯುತ್ತದಂತೆ. ಸೋಮವಾರ ಚೆನ್ನಾಗಿಯೇ ಹಾಕಿದ್ದರು. ಇವತ್ತು ಬರೀ ಗೀಚು. ಕಲ್ಲೇಶ್, ಇದು ಯಾವ ಊರು ಎಂದು ಡಾಕ್ಟರು ಕೇಳಿದರೆ, ಇವರು ತಮ್ಮ ಗಿರಣಿಯಲ್ಲೇ ಇರುವ ಹಾಗೆ, ಬೆಲ್ಟು ಬಿಚ್ಚಿಟ್ಟಿದ್ದೀರಾ ಮಾರಾಯ್ರೇ ಎಂದು ಅವರನ್ನೇ ಕೇಳಿದರು. ನನಗೆ ನಗು ಬಂತು, ಅಲ್ಲೇ ಅಳುವೂ ಬಂತು.

ಬಂದ ದಿನದಿಂದ ಎಲ್ಲರೂ ಕೇಳುವುದು ಒಂದೇ ಮಾತು. ನಾಟಿ ಔಷಧ ಏನಾದರೂ ಕೊಟ್ಟಿದ್ದೀರಾ? ನಾನು ಇಲ್ಲ ಎಂದೆ. ಹೆಸರು ಬಾಯಿಬಿಟ್ಟರೆ ಔಷಧದ ಗುಣ ಹೋಗುತ್ತದೆ ಎಂದು ನೀವು ಹೇಳಿದ್ದು ತಲೆಯಲ್ಲಿತ್ತು. ಅದಕ್ಕಿಂತ ಹೆಚ್ಚಾಗಿ ಮರ್ಯಾದೆ. ಮುತ್ತಿನಕೊಪ್ಪದ ಸುತ್ತ ಹತ್ತೂರಿಗೆ ಕಾಮಾಲೆ ಔಷಧ ಕೊಡುವ ಮನೆ ನಮ್ಮದು. ನಮ್ಮವರೇ ಆಸ್ಪತ್ರೆ ಮೆಟ್ಟಿಲು ಹತ್ತಿದರೆ ನಾಳೆ ನಮ್ಮ ಬಾಗಿಲಿಗೆ ಯಾರು ಬರುತ್ತಾರೆ? ಹಾಗೆಂದುಕೊಂಡೇ ಅಲ್ಲವೇ ಇವರನ್ನು ಹನ್ನೆರಡು ದಿನ ಮನೆಯಲ್ಲೇ ಇಟ್ಟುಕೊಂಡದ್ದು.

ಕಲಿಯುವವರಲ್ಲಿ ಚೇತನಾ ಎಂದು ಕೊಪ್ಪದ ಕಡೆಯ ಹುಡುಗಿಯೊಬ್ಬಳಿದ್ದಾಳೆ. ನಿನ್ನೆ ಒಬ್ಬಳೇ ಬಂದು ನನ್ನ ಪಕ್ಕ ಕೂತಳು. ಅಕ್ಕ, ನಮ್ಮನೇಲೂ ಕೊಡ್ತಾರೆ, ನಂಗೆ ಗೊತ್ತಿಲ್ವಾ, ಎಂತ ಕೊಟ್ಟಿದ್ದು ಹೇಳಿ, ನಿಮ್ಮನ್ನ ಯಾರೂ ಬಯ್ಯಲ್ಲ ಎಂದಳು. ಆಗ ಬಾಯಿಬಿಟ್ಟೆ.

ಈಗ ನಿಮಗೂ ಹೇಳಬೇಕು. ನೀವು ಬಾಳೆಹೊನ್ನೂರಿಗೆ ಮಗಳ ಬಾಣಂತನಕ್ಕೆ ಹೋಗುವಾಗ ಸೋರೆ ಬುರುಡೆಯಲ್ಲಿ ಇಟ್ಟುಹೋದ ಬೇರನ್ನೇ ಅರೆದು ಕೊಟ್ಟೆ ಎಂದು ಹೇಳಿದ್ದೆನಲ್ಲ, ಅದು ಸುಳ್ಳು. ಬುರುಡೆಯಲ್ಲಿದ್ದದ್ದು ಎರಡು ದಿನಕ್ಕೇ ಮುಗಿಯಿತು. ಇನ್ನೂ ಐದು ಬೆಳಗಿನದು ಬೇಕಿತ್ತು. ಗಿಡ ನೀವು ನನಗೆ ತೋರಿಸಿಲ್ಲ, ಜೀವ ಹೋಗುವ ಕಾಲಕ್ಕೆ ಕಿವಿಯಲ್ಲಿ ಹೇಳುತ್ತೇನೆ ಎಂದಿದ್ದಿರಿ. ಆದರೆ ಹೋದ ವರ್ಷ ನೀವು ಮಾತಾಡದೆ ಗುಡ್ಡಕ್ಕೆ ಹೋಗುವಾಗ ನಾನು ಬೇಲಿಯ ಮರೆಯಲ್ಲಿ ನಿಂತು ನೋಡಿದ್ದೆ. ಜಾಗ ಗೊತ್ತಿತ್ತು. ಅಲ್ಲಿ ಒಂದೇ ಥರ ಕಾಣುವ ಬಳ್ಳಿ ಎರಡಿದ್ದವು. ನನಗೆ ಕಂಡದ್ದನ್ನು ಅಗೆದು ತಂದೆ.

ಕಾಮಾಲೆ ತಾನಾಗಿ ಇಳಿಯುವಂಥದ್ದೇ ಇದ್ದಿರಬಹುದು, ಆ ಬೇರು ಲಿವರನ್ನು ಕೆಡಿಸಿರಬಹುದು ಎನ್ನುತ್ತಾರೆ ದೊಡ್ಡ ಡಾಕ್ಟರು. ಖಂಡಿತವಾಗಿ ಹೇಳುವುದಿಲ್ಲ. ನನ್ನ ಚೀಲದಲ್ಲಿ ಉಳಿದಿದ್ದ ತುಂಡನ್ನು ಅರ್ಧ ಮಾಡಿ ಪರೀಕ್ಷೆಗೆ ಕಳಿಸಿದ್ದಾರೆ. ಗೊತ್ತಾಗಲು ನಾಲ್ಕೈದು ದಿನ ಬೇಕಂತೆ. ಇವರಿಗೆ ಅಷ್ಟು ದಿನ ಇದೆಯೇ ಎಂದು ಕೇಳಿದೆ. ಅವರು ನನ್ನ ಹೆಗಲು ಮುಟ್ಟಿ ಹೋದರು.

ಉಳಿದ ಅರ್ಧ ಈ ಪೊಟ್ಟಣದಲ್ಲಿದೆ. ಇವರನ್ನು ನೋಡಲು ಬಂದಿದ್ದ ಪಕ್ಕದ ಮನೆ ವೃಷಭೇಂದ್ರಪ್ಪನವರ ಕೈಯಲ್ಲೇ ಕಳಿಸುತ್ತಿದ್ದೇನೆ. ಮೂಸಿ ನೋಡಿ, ಮುರಿದು ನೋಡಿ, ಬಾಯಿಗೆ ಮಾತ್ರ ಇಡಬೇಡಿ. ಇದು ನಿಮ್ಮ ಬೇರೋ, ಪಕ್ಕದ ಬಳ್ಳಿಯದೋ, ಎರಡರ ಹೆಸರನ್ನೂ ಕಾಗದದಲ್ಲಿ ಬರೆದುಕೊಡಿ. ವ್ರತ ಮುರಿಯಿತು ಎಂದು ಹಿಂಜರಿಯಬೇಡಿ ಅತ್ತೆ, ಪಾಪವೆಲ್ಲ ನನಗಿರಲಿ. ಕಿವಿಯಲ್ಲಿ ಹೇಳಲು ನಿಮ್ಮ ಕಾಲ ಬರುವವರೆಗೆ ಕಾಯುವಂತಿಲ್ಲ. ಇಲ್ಲಿ ನಿಮ್ಮ ಮಗನ ಕಾಲವೇ ಮುಗಿಯುತ್ತಿದೆ. ನನಗೆ ಹೆದರಿಕೆಯಾಗುತ್ತಿದೆ.

ಬೈಯುವುದಿದ್ದರೆ ಎದುರಿಗೇ ಬೈಯಿರಿ, ಬಾಯ್ಮುಚ್ಚಿ ಕೇಳುತ್ತೇನೆ. ಮೊದಲು ಹೆಸರು ಬರೆಯಿರಿ.

ನಿಮ್ಮ ಸೊಸೆ,
ಶ್ವೇತ

ಮರೆತದ್ದಲ್ಲ, ಬಚ್ಚಿಟ್ಟದ್ದು: ಕಾಗದ ಮಡಿಚಿ ಕೊಟ್ಟಾಗಿತ್ತು, ಬಸ್‌ಸ್ಟ್ಯಾಂಡಿಗೆ ಓಡಿಬಂದು ಮತ್ತೆ ಇಸಿದುಕೊಂಡು ಬರೆಯುತ್ತಿದ್ದೇನೆ. ಮನೆಯಲ್ಲಿ ಬೇರೆ ಯಾರಾದರೂ ಕುಡಿದಿದ್ದಾರಾ ಎಂದು ಚೇತನಾ ಈಗ ಕೇಳಿದಳು. ಇಲ್ಲ ಎಂದು ತಲೆ ಅಲ್ಲಾಡಿಸಿಬಿಟ್ಟೆ. ಕಾಮಾಲೆ ಬಂದ ಮನೆಯಲ್ಲಿ ಉಳಿದವರಿಗೂ ತಗಲದಿರಲಿ ಎಂದು ನೀವು ಒಂದೊಂದು ಗುಟುಕು ಕೊಡುತ್ತೀರಲ್ಲ, ನಾನೂ ಹಾಗೇ ಮಾಡಿದೆ. ನಾನು ಕಹಿ ತಾಳದೆ ಉಗಿದೆ. ನಮ್ಮ ಮಗು ಕೃತಿಕಾ ಉಗಿಯಲಿಲ್ಲ. ನಾನು ಅಗೆದು ತಂದ ಬೇರಿನದನ್ನೇ ಮೂರು ಬೆಳಿಗ್ಗೆ ಜಾಣೆಯ ಹಾಗೆ ಕುಡಿದು ಬೆಲ್ಲ ಕೇಳಿದಳು. ನೀವು ಬಾಳೆಹೊನ್ನೂರಿನಿಂದ ವಾಪಸು ಬಂದ ಮೇಲೆ ಅವಳನ್ನು ನಿಮ್ಮ ಹತ್ತಿರ ಬಿಟ್ಟುಬರುವಾಗ ಹೇಳಲು ನನಗೆ ಬಾಯಿ ಬರಲಿಲ್ಲ. ಮಗು ಏನೂ ರಗಳೆ ಮಾಡುವುದಿಲ್ಲ, ಹಗಲೂ ನಿದ್ದೆ ಮಾಡುತ್ತಾಳೆ ಎಂದು ನೀವು ವೃಷಭೇಂದ್ರಪ್ಪನವರ ಹತ್ತಿರ ಹೇಳಿಕಳಿಸಿದಿರಂತೆ. ನಿಮ್ಮ ಮಗನಿಗೂ ಮೊದಲು ಶುರುವಾದದ್ದು ಹಗಲು ನಿದ್ದೆಯೇ. ನಿಮ್ಮನ್ನು ಕರೆದುಕೊಡಲು ಫೋನಿರುವ ಶೇಷಪ್ಪನವರ ಮನೆಗೆ ಮೂರು ಸಲ ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ. ಈ ಕಾಗದ ಮತ್ತೆ ಓದುತ್ತಾ ಕೂರಬೇಡಿ. ಮೊದಲು ಅವಳನ್ನು ಎಬ್ಬಿಸಿ ಅತ್ತೆ, ಎಬ್ಬಿಸಿ.