ಸುಮ್ಮನೆ ಎಳೆದ ಹಗ್ಗ

ನವೆಂಬರ್ ೧೪, ಶುಕ್ರವಾರ

ಎಂಟು ತಿಂಗಳು ಮುಚ್ಚಿಟ್ಟಿದ್ದೆ. ದೋಷ ಕಂಡಾಗ ಎಳೆಯುವ ಹಗ್ಗವನ್ನು ಮಾರ್ಚ್‌ನಲ್ಲಿ ಸುಮ್ಮನೆ ಎಳೆದು, ಜಪಾನಿನ ಈ ಕಾರ್ಖಾನೆಯ ಕಾರು ಜೋಡಿಸುವ ಸಾಲನ್ನೇ ನಿಲ್ಲಿಸಿದ್ದೆ. ದೋಷವೇನೂ ಇರಲಿಲ್ಲ; ಮೇಲಿನ ಡಬ್ಬಿಗೆ ಚಾಚಿ ಚಾಚಿ ಕೈ ಸೋತಿತ್ತು, ಅಷ್ಟೇ. ಓಡಿಬಂದ ಮೇಸ್ತ್ರಿ ಕಾಕೆಹಿ ಸಾನ್‌ಗೆ ಬೋಲ್ಟು ಸಡಿಲ ಎಂದೆ. ಹಗ್ಗ ಎಳೆದವರಿಗೆ ಕೃತಜ್ಞತೆ ಹೇಳುವ ಇಲ್ಲಿನ ಪದ್ಧತಿಯಂತೆ ಅವರು ನನಗೇ ತಲೆಬಾಗಿ ಥ್ಯಾಂಕ್ಸ್ ಹೇಳಿದರು. ಅದು ಚುಚ್ಚುತ್ತಲೇ ಇತ್ತು.

ಇಂದು ಊಟದ ಹೊತ್ತಿನಲ್ಲಿ, ಮಿಸೋ ಸಾರು ಆರುತ್ತಿರುವಾಗ, ಅವರ ಮುಂದೆ ಒಪ್ಪಿಕೊಂಡೆ.

"ಗೊತ್ತಿತ್ತು ಕಣೋ ಪೆದ್ದ. ಆ ಬೋಲ್ಟು ಮುಟ್ಟಿ ನೋಡಿದವನು ನಾನೇ ಅಲ್ವಾ?"

"ಮತ್ತೆ ಯಾಕೆ ಬೈಲಿಲ್ಲ?"

"ಸುಸ್ತಾಗಿದ್ದು ಸುಳ್ಳಾ? ಮಾರನೇ ದಿನ ಬೋಲ್ಟಿನ ಡಬ್ಬಿ ಸೊಂಟದ ಮಟ್ಟಕ್ಕೆ ಇಳಿಸಿದ್ದು ಯಾಕೆ ಅನ್ಕೊಂಡೆ?"

ನಾನು ಶಾಲೆಯನ್ನು ಅರ್ಧಕ್ಕೇ ಬಿಟ್ಟಾಗ ಎಲ್ಲರೂ ದೋಷವನ್ನು ನನ್ನಲ್ಲೇ ಹುಡುಕಿದ್ದರು. ಇವರು ಡಬ್ಬಿಯಲ್ಲಿ ಹುಡುಕಿದರು.

ಇಲ್ಲಿ ಇಂದೇ ನನ್ನ ಕೊನೆಯ ದಿನ; ನಾಳೆ ಬೆಳಿಗ್ಗೆ ದಕ್ಷಿಣದ ಕ್ಯೂಶೂ ದ್ವೀಪದ ಕಾರ್ಖಾನೆಗೆ ಹೊರಡುತ್ತೇನೆ.