ವ್ಯಾನ್ ನಿಲ್ಲಿಸುವ ಜಾಗ

ದಿಂಡಿಗಲ್
6-3-2024, ಬುಧವಾರ

ಪ್ರೀತಿಯ ಜೆಯಂತಿ,

ಹೇಗಿದ್ದೀಯೆ? ಆಗಾಗ ಬರುತ್ತಿದ್ದ ಆ ತಲೆನೋವು ಈಗಲೂ ಇದೆಯೇ? ಒಂಬತ್ತು ವರ್ಷಗಳ ಮೇಲೆ ಇದನ್ನು ಕೇಳುವ ಹಕ್ಕು ನನಗಿದೆಯೋ ಇಲ್ಲವೋ, ಆದರೂ ಕೇಳುತ್ತಿದ್ದೇನೆ.

ಅಮ್ಮನಿಗೆ ಕ್ಯಾನ್ಸರ್. ಇಲ್ಲಿನ ಆಸ್ಪತ್ರೆಯಲ್ಲಿ ಮೂರು ವಾರಗಳಿಂದ ದಿನವೂ ಕರೆಂಟು, ಅಂದರೆ ರೇಡಿಯೇಷನ್, ಕೊಡುತ್ತಿದ್ದಾರೆ. ದಿನವೂ ನಮ್ಮೂರು ಕಾಮಯಗೌಂಡನ್‌ಪಟ್ಟಿಗೆ ಹೋಗಿ ಬರುವ ಶಕ್ತಿ ಅವಳಿಗಿಲ್ಲ. ಲಾಡ್ಜಿನ ಕೋಣೆಯಲ್ಲಿ ಉಸಿರು ಕಟ್ಟುತ್ತದೆ ಎಂದಳು. ಹಾಗಾಗಿ ಓಮ್ನಿ ವ್ಯಾನಿನ ಹಿಂದಿನ ಸೀಟು ಕಿತ್ತು ಹಾಸಿಗೆ ಹಾಕಿದ್ದೇನೆ. ಮೊದಲ ಕೆಲವು ದಿನ ಸಂಜೆಯಾದರೆ ರಸ್ತೆಬದಿಯಲ್ಲಿ ಜಾಗ ಹುಡುಕುವುದೇ ಕೆಲಸ. ಅಮ್ಮ ಅಪ್ಪನ ಜೊತೆ ಊರೂರಿನ ಹೊಲಗಳಲ್ಲಿ ಗೊಬ್ಬರಕ್ಕಾಗಿ ದನದ ಮಂದೆ ನಿಲ್ಲಿಸಿದವಳಲ್ಲವೇ, ಸುಲಭಕ್ಕೆ ಒಪ್ಪುವುದಿಲ್ಲ. ಚಪ್ಪಲಿ ಬಿಟ್ಟು ಇಳಿದು ಅಂಗಾಲಿನಿಂದ ನೆಲದ ತೇವ ನೋಡುತ್ತಾಳೆ, ಗಾಳಿಗೆ ಮುಖ ಒಡ್ಡುತ್ತಾಳೆ. ಬಸ್ ನಿಲ್ದಾಣದ ಹಿಂದೆ ಚರಂಡಿ, ಹೂವಿನ ಮಾರುಕಟ್ಟೆಯ ಬಳಿ ಲಾರಿಗಳು. ಪೆಟ್ರೋಲ್ ಬಂಕಿನವರನ್ನು ಬೇಡಿಕೊಂಡು ನಿಲ್ಲಿಸಿದರೆ, “ಇಳಿಜಾರು ಕಣೇ, ಹಸ ಕೂಡ ಇಲ್ಲಿ ಮಲಗಾದಿಲ್ಲ. ಇಷ್ಟು ಇಂಗ್ಲೀಷ್ ಓದಿ ಏನ್ ಕಲ್ತೆ?” ಎಂದಳು.

ಈಗ ಹದಿನಾರು ದಿನಗಳಿಂದ ಒಂದೇ ಬೀದಿಯಲ್ಲಿ ಮಲಗುತ್ತಿದ್ದೇವೆ. ಅವಳೇ ಆರಿಸಿದ್ದು. ಅಲ್ಲಿ ಇಳಿಜಾರೂ ಇದೆ, ಚರಂಡಿಯೂ ಇದೆ, ಕಂಬದ ದೀಪ ನೇರ ಕಣ್ಣಿಗೇ ಬೀಳುತ್ತದೆ. ಏಕೆಂದು ಕೇಳಿದರೆ ಅತ್ತ ಮುಖ ತಿರುಗಿಸುತ್ತಾಳೆ.

ನೀನು ಬೇರೆ ಜಾತಿಯವನನ್ನು ಮದುವೆಯಾದ ದಿನ, ನೀನು ಸತ್ತೆಯೆಂದು ಅವಳು ತಲೆಗೆ ನೀರು ಹುಯ್ದುಕೊಂಡಳು. ಆಮೇಲೆ ಆ ಮಗಳ ಹೊಸಿಲು ತುಳಿಯುವಂತಿಲ್ಲ, ಅವಳ ಕೈಯಿಂದ ನೀರೂ ಕುಡಿಯುವಂತಿಲ್ಲ, ಇದು ನಮ್ಮವರ ಕಟ್ಟುಪಾಡು. ಅದನ್ನು ಅವಳು ಮುರಿಯಲಾರಳು. ಅಂದು ಅವಳ ಹಿಂದೆಯೇ ನಾನೂ ಬಿಂದಿಗೆ ಎತ್ತಿ ತಲೆಗೆ ಸುರಿದುಕೊಂಡೆ. ಹೆದರಿದೆನೋ, ಒಪ್ಪಿದೆನೋ, ಇವತ್ತಿಗೂ ಹೇಳಲಾರೆ.

ಶುಕ್ರವಾರ ಕೊನೆಯ ಕರೆಂಟು. ಇನ್ನು ಮಾಡುವುದೇನೂ ಉಳಿದಿಲ್ಲವೆಂದು ಡಾಕ್ಟರ್ ನನ್ನೊಬ್ಬಳನ್ನೇ ಹೊರಗೆ ಕರೆದು ಹೇಳಿದರು. ಅಂದು ಮಧ್ಯಾಹ್ನವೇ ಊರಿಗೆ ಹೊರಡುತ್ತೇವೆ.

ನಿನ್ನ ಯಜಮಾನರಿಗೆ ನನ್ನ ನಮಸ್ಕಾರ ಹೇಳು. ಮಕ್ಕಳಿದ್ದರೆ ಅವಕ್ಕೆ, ಹೆಸರು ಗೊತ್ತಿಲ್ಲದ ದೊಡ್ಡಮ್ಮನ ಆಶೀರ್ವಾದ.

ನಿನ್ನ ಅಕ್ಕ,
ಪಾಂಡೀಶ್ವರಿ

ತಾ.ಕ.: ಆ ಬೀದಿ ನಿನ್ನದು. ನಿನ್ನೆ ಬೆಳಿಗ್ಗೆ ನೀನು ಬಾಲ್ಕನಿಯಿಂದ “ಇಂಗೆ ವಂಡಿ ನಿರುತ್ತಾದೀಂಗ”, ಇಲ್ಲಿ ಗಾಡಿ ನಿಲ್ಲಿಸಬೇಡಿ, ಎಂದು ತಮಿಳಿನಲ್ಲಿ ಕೂಗಿ ಓಡಿಸಿದ ಬಿಳಿ ವ್ಯಾನ್ ನಮ್ಮದು. ನಾನು ತಲೆ ತಗ್ಗಿಸಿ ವ್ಯಾನ್ ತೆಗೆದೆ. ಹಿಂದೆ ಮಲಗಿದ್ದ ಅಮ್ಮ, “ದನಿ ಹಂಗೇ ಐತೆ” ಎಂದಷ್ಟೇ ಅಂದಳು. ಈ ಕಾಗದವನ್ನು ನಿನ್ನ ಗೇಟಿನ ಪೆಟ್ಟಿಗೆಗೆ ಹಾಕಿ ಹೋಗುತ್ತೇನೆ. ಸಂಜೆ ಮತ್ತೆ ಅಲ್ಲಿಗೇ ಬರುತ್ತೇವೆ. ಮೇಲೆ ಕರೆಯಬೇಡ, ಅವಳು ಬರಲಾರಳು. ನೀನು ಬರುವೆಯೆಂಬ ನಂಬಿಕೆ ನನಗಿಲ್ಲ. ಆದರೂ ವ್ಯಾನಿನ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕುವುದಿಲ್ಲ.